ಕ್ರೋಮ್ ಹಾಕಿಸುವ ಮುಂಚೆ ನಿಕ್ಕಲ್ ಬಗ್ಗೆ ಕೇಳಿ

ಪ್ರಶ್ನೆ: ನಮ್ಮದು ಶಿರಾ ಹತ್ತಿರದ ಹಳ್ಳಿ. ಅಪ್ಪ ಓಡಿಸುತ್ತಿದ್ದ 1972ರ ಅಂಬಾಸಿಡರ್ ಮಾರ್ಕ್ 2 ಕಾರು ಬಹಳ ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ಎಂಜಿನ್ ಕೆಲಸ, ಪೇಂಟ್ ಎಲ್ಲಾ ಆಯಿತು. ಬಂಪರ್ ಮಾತ್ರ ಉಳಿದಿದೆ. ಹಿಂದಿನ ಬಂಪರ್‌ನಲ್ಲಿ ಕ್ರೋಮ್ ಎದ್ದು ಬರುತ್ತಿದೆ. ಮುಂದಿನದರಲ್ಲಿ ಸಣ್ಣ ಸಣ್ಣ ತುಕ್ಕಿನ ಚುಕ್ಕೆಗಳಿವೆ. ತುಮಕೂರಿನಲ್ಲಿ ಒಬ್ಬರು ಎರಡಕ್ಕೂ ಸೇರಿ 5,000 ರೂಪಾಯಿ, ನಾಳೆ ಬಂದು ತಗೊಂಡು ಹೋಗಿ ಅಂದರು. ಪೀಣ್ಯದಲ್ಲಿ ಇನ್ನೊಬ್ಬರು 24,000 ಕೇಳಿದರು, ಮೂರು ವಾರ ಬೇಕಂತೆ. ಯಾಕಿಷ್ಟು ವ್ಯತ್ಯಾಸ? ಸ್ಪ್ರೇ ಕ್ರೋಮ್ ಸಾಕು ಅಂತ ಒಬ್ಬ ಸ್ನೇಹಿತ, ಸ್ಟೇನ್‌ಲೆಸ್ ಸ್ಟೀಲ್ ಬಂಪರ್ ಹಾಕಿಸು ಅಂತ ಇನ್ನೊಬ್ಬ ಹೇಳುತ್ತಾರೆ. ಮನೆಯಲ್ಲೇ ಪ್ಲೇಟಿಂಗ್ ಮಾಡುವ ಕಿಟ್ ಕೂಡ ಆನ್‌ಲೈನ್‌ನಲ್ಲಿ ನೋಡಿದೆ. ಎರಡು ತಿಂಗಳಿಗೆ ತಂಗಿ ಮದುವೆ. ಅಪ್ಪನ ಕಾರಿನಲ್ಲೇ ಅವಳನ್ನು ಛತ್ರಕ್ಕೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಏನು ಮಾಡಲಿ?

ಉತ್ತರ: ಮೊದಲು ಆ ಎರಡು ರೇಟಿನ ವಿಷಯ. ಅವರಿಬ್ಬರೂ ಹೇಳಿದ್ದು ಬೇರೆ ಬೇರೆ ಕೆಲಸದ ರೇಟು. ಎರಡಕ್ಕೂ ಕ್ರೋಮ್ ಪ್ಲೇಟಿಂಗ್ ಅನ್ನುವ ಹೆಸರಿದೆ ಅಷ್ಟೇ. ಪ್ಲೇಟಿಂಗ್ ಅಂದರೆ ಸಾಮಾನನ್ನು ದ್ರಾವಣದ ಟ್ಯಾಂಕಿನಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಅದರ ಮೇಲೆ ಲೋಹದ ತೆಳು ಪದರ ಕೂರಿಸುವುದು. ಅಂಗಡಿಗೆ ಹೋಗಿ "ಕ್ರೋಮ್‌ಗೆ ಎಷ್ಟು?" ಅಂತ ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. "ನಿಕ್ಕಲ್ ಎಷ್ಟು ಹೊತ್ತು ಹಾಕುತ್ತೀರಿ? ಅದಕ್ಕೂ ಮುಂಚೆ ಏನೇನು ಮಾಡುತ್ತೀರಿ?" ಅಂತ ಕೇಳಬೇಕು.

ಬಂಪರ್ ಮೇಲಿನ ಕ್ರೋಮ್ ಎಷ್ಟು ತೆಳುವಾಗಿರುತ್ತದೆ ಅಂದರೆ, ಸಾಮಾನ್ಯವಾಗಿ 0.25ರಿಂದ 0.5 ಮೈಕ್ರಾನ್. ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್‌ನ ಸಾವಿರ ಪಾಲಿನಲ್ಲಿ ಒಂದು ಪಾಲು. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಕ್ರೋಮ್ ಕೆಳಗೆ ನಿಕ್ಕಲ್, ಅದರ ಕೆಳಗೆ ತಾಮ್ರ, ಅದರ ಕೆಳಗೆ ಬಂಪರ್‌ನ ಉಕ್ಕು. ಬಿಸಿಲು ಮಳೆಗೆ ಓಡುವ ಕಾರಿಗೆ ನಿಕ್ಕಲ್ ಕಡಿಮೆ ಅಂದರೂ 25-30 ಮೈಕ್ರಾನ್ ಬೇಕು. ಕನ್ನಡಿಯ ಹೊಳಪು ಬರುವುದು ನಿಕ್ಕಲ್‌ನಿಂದ. ನೀರನ್ನು ತಡೆಯುವುದೂ ನಿಕ್ಕಲ್ಲೇ. ಕ್ರೋಮ್ ಮಾಡುವುದು ಇಷ್ಟು: ನಿಕ್ಕಲ್ ಹಳದಿಗೆ ತಿರುಗದಂತೆ, ಅದಕ್ಕೆ ಗೀರು ಬೀಳದಂತೆ ಕಾಯುತ್ತದೆ, ಆ ತಿಳಿ ನೀಲಿ ಛಾಯೆ ಕೊಡುತ್ತದೆ. ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೊದಲಿಂದಲೇ ಇರುತ್ತವೆ. ನೀರು ಅದರಲ್ಲಿ ಸಲೀಸಾಗಿ ಇಳಿಯುತ್ತದೆ.

ನಿಕ್ಕಲ್ ತೆಳುವಾಗಿದ್ದರೆ ಅದರಲ್ಲಿ ಸೂಜಿಮೊನೆಯಷ್ಟು ತೂತುಗಳು ಉಳಿದುಬಿಡುತ್ತವೆ. ಅಲ್ಲಿ ನೀರು ಉಕ್ಕನ್ನು ಮುಟ್ಟಿತು ಅಂದರೆ ತುಕ್ಕು ಬರೀ ಉಕ್ಕಿಗಿಂತ ಜೋರಾಗಿ ಹಿಡಿಯುತ್ತದೆ. ನಿಕ್ಕಲ್ ಮತ್ತು ಉಕ್ಕು ಒದ್ದೆಯಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದಾಗ ಕರಗುವುದು ಉಕ್ಕು. ಸುತ್ತ ನಿಕ್ಕಲ್ ಜಾಸ್ತಿ, ತೂತಿನ ತಳದಲ್ಲಿ ಉಕ್ಕು ಒಂದು ಚುಕ್ಕೆ. ಆ ಚುಕ್ಕೆಯ ಮೇಲೇ ಎಲ್ಲಾ ಹೊರೆ ಬೀಳುತ್ತದೆ, ತುಕ್ಕು ಅಲ್ಲಿ ಆಳಕ್ಕೆ ತಿನ್ನುತ್ತಾ ಹೋಗುತ್ತದೆ. ನಿಮ್ಮ ಮುಂದಿನ ಬಂಪರ್‌ನ ಚುಕ್ಕೆಗಳು ಹುಟ್ಟಿದ್ದು ಹೀಗೆ. ಶೆಡ್ಡಿನಲ್ಲಿ ಗೊಬ್ಬರದ ಚೀಲಗಳೂ ಇದ್ದವಾ? ನಮ್ಮ ಕಡೆ ಶೆಡ್ ಅಂದರೆ ಕಾರು, ಗೊಬ್ಬರ, ಔಷಧಿ ಹೊಡೆಯುವ ಪಂಪು ಎಲ್ಲಾ ಒಂದೇ ಕಡೆ ಅಲ್ವಾ? ಪೊಟ್ಯಾಷ್ ಗೊಬ್ಬರ ಅಂದರೆ ಹೆಚ್ಚಿನಂಶ ಪೊಟ್ಯಾಸಿಯಂ ಕ್ಲೋರೈಡ್. ಕ್ಲೋರೈಡ್ ನಿಕ್ಕಲ್‌ನಲ್ಲಿ ಗುಳಿ ಬೀಳಿಸುತ್ತದೆ. ಸಮುದ್ರದ ಉಪ್ಪಿನಲ್ಲಿರುವುದೂ ಕ್ಲೋರೈಡೇ. ಸಮುದ್ರವೇ ಇಲ್ಲದ ಶಿರಾದಲ್ಲಿ ಕರಾವಳಿಯ ಕಾರಿನಂಥ ತುಕ್ಕು ಕಂಡರೆ ನಾನು ಮೊದಲು ಕೇಳುವುದು ಗೊಬ್ಬರದ ಚೀಲ ಎಲ್ಲಿಟ್ಟಿದ್ದಿರಿ ಅಂತ.

ಈಗ 5,000 ರೂಪಾಯಿ ಕೆಲಸಕ್ಕೆ ಬರೋಣ. ಒಂದೇ ದಿನದಲ್ಲಿ ಕೊಡುವ ಅಂಗಡಿಗಳಿಗೆ ದಿನವಿಡೀ ಬರುವುದು ಬೈಕಿನ ಕ್ರ್ಯಾಶ್ ಗಾರ್ಡು, ಸೈಲೆನ್ಸರು, ಕುರ್ಚಿ ಕಾಲು. ಅವಕ್ಕೆ ಆ ಕೆಲಸ ಸಾಕು. ಹಳೆ ಪದರವನ್ನು ಬೆಲ್ಟಿನಲ್ಲಿ ಉಜ್ಜುತ್ತಾರೆ, ಬಫ್ ಹೊಡೆಯುತ್ತಾರೆ (ತಿರುಗುವ ಬಟ್ಟೆ ಚಕ್ರಕ್ಕೆ ಹಿಡಿದು ಹೊಳಪು ಕೊಡುವುದು), ತಾಮ್ರ ಬಿಟ್ಟು ನೇರವಾಗಿ ಸ್ವಲ್ಪ ನಿಕ್ಕಲ್ ಹಾಕಿ, ಆಮೇಲೆ ಕ್ರೋಮ್ ಟ್ಯಾಂಕಿನಲ್ಲಿ ಮುಳುಗಿಸಿ ಎತ್ತುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ. ನಿಕ್ಕಲ್ ಟ್ಯಾಂಕಿನಲ್ಲಿ ಒಂದು ಚದರ ಡೆಸಿಮೀಟರ್ ಜಾಗಕ್ಕೆ, ಅಂದರೆ 10 ಸೆಂಟಿಮೀಟರ್ ಉದ್ದ 10 ಸೆಂಟಿಮೀಟರ್ ಅಗಲಕ್ಕೆ, 4 ಆಂಪಿಯರ್ ಕರೆಂಟ್ ಕೊಟ್ಟರೆ ಗಂಟೆಗೆ ಸುಮಾರು 48 ಮೈಕ್ರಾನ್ ಕೂರುತ್ತದೆ. ಐದು ನಿಮಿಷಕ್ಕೆ ಎತ್ತಿದರೆ 4 ಮೈಕ್ರಾನ್. 25 ಮೈಕ್ರಾನ್ ಬೇಕಾದರೆ ಅರ್ಧ ಗಂಟೆಗೂ ಮೇಲೆ. ಅದೂ ಸರಾಸರಿ ಲೆಕ್ಕ. ಕರೆಂಟು ಅಂಚು ಮೂಲೆಗಳಿಗೆ ಜಾಸ್ತಿ ಹರಿಯುತ್ತದೆ, ಒಳತಿರುವುಗಳಿಗೆ ಕಡಿಮೆ. ಹಾಗಾಗಿ ಬಂಪರ್‌ನಂಥ ಬಾಗಿದ ಸಾಮಾನನ್ನು ಇನ್ನೂ ಜಾಸ್ತಿ ಹೊತ್ತು ಬಿಡಬೇಕಾಗುತ್ತದೆ. 5,000ದ ಕೆಲಸವಾಗಲಿ 24,000ದ ಕೆಲಸವಾಗಲಿ, ಅಂಗಡಿಯಿಂದ ಬಂದ ದಿನ ಬಂಪರ್ ಒಂದೇ ಥರ ಹೊಳೆಯುತ್ತದೆ. ವ್ಯತ್ಯಾಸ ಕಾಣುವುದು ಒಂದೆರಡು ಮಳೆಗಾಲ ಆದಮೇಲೆ.

ಹಣ ಖರ್ಚು ಮಾಡುವ ಮುಂಚೆ ಮುಂದಿನ ಬಂಪರ್ ಮೇಲೆ ಒಂದು ಪರೀಕ್ಷೆ ಮಾಡಿ. ಅಡುಗೆ ಮನೆಯ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಉಂಡೆ ಮಾಡಿ, ಬರೀ ನೀರಲ್ಲಿ ಅದ್ದಿ, ಚುಕ್ಕೆಗಳ ಮೇಲೆ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆತ್ತಗೆ, ಗೀರು ಬೀಳಿಸುವುದಿಲ್ಲ. ತುಕ್ಕು ಮಾತ್ರ ಎದ್ದು ಬರುತ್ತದೆ. ಒರೆಸಿ ನೋಡಿದಾಗ ಹತ್ತಿರದಿಂದ ಮಾತ್ರ ಕಾಣುವ ಚುಕ್ಕೆಗಳು ಉಳಿದರೆ, ವ್ಯಾಕ್ಸ್ ಹಾಕಿ ಇನ್ನೂ ಕೆಲವು ವರ್ಷ ಓಡಿಸಬಹುದು. ಕಂಪನಿಯಿಂದ ಬಂದ ಪದರ ಗಟ್ಟಿಯಾಗಿದ್ದರೆ ಅದನ್ನು ಸುಮ್ನೆ ಕೀಳಿಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಆದರೆ ಹಿಂದಿನದರ ಪೊರೆ ಎದ್ದಿದೆ ಅಂತ ಬರೆದಿದ್ದೀರಿ. ಅದಕ್ಕೆ ಬೇರೆ ದಾರಿ ಇಲ್ಲ. ಹಿಂದಿನದನ್ನು ಮಾಡಿಸುವುದಾದರೆ ಮುಂದಿನದನ್ನೂ ಜೊತೆಗೇ ಮಾಡಿಸಿ, ಛಾಯೆ ಒಂದೇ ಇರುತ್ತದೆ.

ಇನ್ನು ಒಳ್ಳೆಯ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು. ಹಳೆ ಕ್ರೋಮ್, ನಿಕ್ಕಲ್ ಎರಡನ್ನೂ ಆಸಿಡ್ ಟ್ಯಾಂಕಿನಲ್ಲಿ ಪೂರ್ತಿ ಕರಗಿಸಿ ತೆಗೆಯಬೇಕು. ಕ್ರೋಮ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಬೇಗ ಹೋಗುತ್ತದೆ. ನಿಕ್ಕಲ್‌ಗೆ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಇಟ್ಟು ಕರೆಂಟನ್ನು ಉಲ್ಟಾ ಕೊಡುತ್ತಾರೆ. ಗ್ರೈಂಡಿಂಗ್ ಮಾಡಿ ತೆಗೆದರೆ ಅಲ್ಲಲ್ಲಿ ಹಳೆ ನಿಕ್ಕಲ್ ತೇಪೆ ಉಳಿಯುತ್ತದೆ. ಹಳೆ ನಿಕ್ಕಲ್ ಮೇಲೆ ಹೊಸ ನಿಕ್ಕಲ್ ಸರಿಯಾಗಿ ಹಿಡಿಯುವುದಿಲ್ಲ, ಮುಂದೆ ಅಲ್ಲೇ ಏಳುತ್ತದೆ. ಇನ್ನೊಂದು ವಿಷಯ: ಎಲ್ಲಾ ತೆಗೆಯುವವರೆಗೆ ಕೆಳಗೆ ತುಕ್ಕು ಎಷ್ಟು ತಿಂದಿದೆ ಅಂತ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಒಳ್ಳೆಯ ಪ್ಲೇಟರ್‌ಗಳು ಪದರ ತೆಗೆದ ಮೇಲೆ ಪಕ್ಕಾ ರೇಟು ಹೇಳುತ್ತಾರೆ. ಮೊದಲೇ ಒಂದು ಅಂದಾಜು ಹೇಳಿ ಆಮೇಲೆ ಸ್ವಲ್ಪ ಜಾಸ್ತಿ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಪದರ ಹೋದಮೇಲೆ ಟಿಂಕರಿಂಗ್. ಇಲ್ಲಿ ನೀವೇ ಮುಂದೆ ನಿಲ್ಲಬೇಕು. ಪೇಂಟ್ ಕೆಲಸದಲ್ಲಿ ಸಣ್ಣಪುಟ್ಟ ತಗ್ಗನ್ನು ಪುಟ್ಟಿ ಮುಚ್ಚಿಬಿಡುತ್ತದೆ. ಬಂಪರ್‌ಗೆ ಪುಟ್ಟಿ ನಡೆಯುವುದಿಲ್ಲ. ಪುಟ್ಟಿಯಲ್ಲಿ ಕರೆಂಟು ಹರಿಯುವುದಿಲ್ಲ, ಪ್ಲೇಟಿಂಗ್ ಕೂರುವುದಿಲ್ಲ, ಟ್ಯಾಂಕಿನಲ್ಲಿ ಎದ್ದು ಬಂದು ದ್ರಾವಣವನ್ನೂ ಕೆಡಿಸುತ್ತದೆ. ಎಲ್ಲಾ ತಗ್ಗನ್ನೂ ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ಎತ್ತಬೇಕು, ಮುಂದಿನಿಂದ ಅರ ಹಾಕಿ ನೋಡಬೇಕು. ಅರ ಮುಟ್ಟದ ಜಾಗ ಇನ್ನೂ ತಗ್ಗು ಅಂತ ಅರ್ಥ. ತುಕ್ಕು ತೂತು ಮಾಡಿದ್ದರೆ ಟಿಗ್ ವೆಲ್ಡಿಂಗ್‌ನಲ್ಲಿ ತುಂಬಿಸಿ. ಆ ವೆಲ್ಡು ಮೆತ್ತಗಿರುತ್ತದೆ, ಅರಕ್ಕೆ ಬಗ್ಗುತ್ತದೆ. ಸಾಮಾನ್ಯ ಮಿಗ್ ವೆಲ್ಡು ಗಡುಸು. ಸುತ್ತಲಿನ ಉಕ್ಕು ಸವೆದು ವೆಲ್ಡ್ ಮಾತ್ರ ಉಬ್ಬಿಕೊಂಡು ಉಳಿಯುತ್ತದೆ.

ಟಿಂಕರಿಂಗ್ ಮುಗಿದ ಮೇಲೆ, ಪ್ಲೇಟಿಂಗ್‌ಗೆ ಕೊಡುವ ಮುಂಚೆ, ಬಂಪರನ್ನು ಒಂದು ಸಲ ಕಾರಿಗೆ ಕಟ್ಟಿ ನೋಡಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಎರಡೂ ಕಡೆ ಬಾಡಿಯಿಂದ ಒಂದೇ ಅಂತರ ಇದೆಯಾ, ಬ್ರಾಕೆಟ್ ತೂತುಗಳು ಕೂರುತ್ತವಾ, ಓವರ್‌ರೈಡರ್ (ಬಂಪರ್ ಮೇಲೆ ನೆಟ್ಟಗೆ ನಿಲ್ಲುವ ತುಂಡು) ಸರಿಯಾಗಿ ಒರಗುತ್ತಾ, ಎಲ್ಲಾ ಆಗಲೇ ಗೊತ್ತಾಗಬೇಕು. ಹೊಳಪು ನಿಕ್ಕಲ್ ಗಡುಸು, ಬಗ್ಗುವ ಗುಣ ಇಲ್ಲ. ಪ್ಲೇಟಿಂಗ್ ಆದಮೇಲೆ ಎಳೆದು ಬಗ್ಗಿಸಿ ಕೂರಿಸಿದರೆ ಆ ಬಾಗಿನಲ್ಲಿ ಕೂದಲೆಳೆ ಬಿರುಕು ಬರುತ್ತದೆ. ತುಕ್ಕು ಮತ್ತೆ ಶುರುವಾಗುವುದು ಅಲ್ಲಿಂದಲೇ.

ಮುಂದಿನದು ಎಮರಿ ಮತ್ತು ಬಫಿಂಗ್. ನೀವು ಕೊಡುವ 24,000ದಲ್ಲಿ ದೊಡ್ಡ ಪಾಲು ಹೋಗುವುದು ಈ ಬೆವರಿಗೆ. ಒರಟು ಎಮರಿಯಿಂದ ನಯ ಎಮರಿಗೆ ಹಂತ ಹಂತವಾಗಿ ಬರಬೇಕು. ಪ್ರತಿ ಹಂತದಲ್ಲೂ ಹಿಂದಿನ ಹಂತದ ಗೀರು ಪೂರ್ತಿ ಹೋಗಬೇಕು. ಪ್ಲೇಟಿಂಗ್ ಏನನ್ನೂ ಮುಚ್ಚುವುದಿಲ್ಲ. ತಲೆಗೆ ಎಣ್ಣೆ ಹಚ್ಚಿದಾಗ ಕೆಳಗಿನ ಗಾಯದ ಗುರುತು ಎದ್ದು ಕಾಣುವ ಹಾಗೆ, ಕೆಳಗೆ ಉಳಿದ ಗೀರು ಹೊಳಪಿನಲ್ಲಿ ಇನ್ನೂ ಎದ್ದು ಕಾಣುತ್ತದೆ. ಬಫ್ ಹೊಡೆಯುವವರ ಕೈ ಪಳಗಿರಬೇಕು. ಅವಸರದವರ ಕೈಯಲ್ಲಿ ಬಂಪರ್‌ನ ಅಂಚುಗಳು ದುಂಡಗಾಗಿ, ಬೋಲ್ಟ್ ತೂತುಗಳು ಮೊಟ್ಟೆ ಆಕಾರಕ್ಕೆ ಬಂದುಬಿಡುತ್ತವೆ. ಅದನ್ನು ಆಮೇಲೆ ಯಾರೂ ಸರಿ ಮಾಡಲಾರರು.

ಆಮೇಲೆ ತಾಮ್ರ. ನಿಮ್ಮ ಬಂಪರ್‌ನಲ್ಲಿ ಗುಳಿಗಳಿವೆ, ಹಾಗಾಗಿ ತಾಮ್ರ ಬೇಕೇ ಬೇಕು. ಆಸಿಡ್ ತಾಮ್ರದ ದ್ರಾವಣಕ್ಕೆ ಸಣ್ಣ ತಗ್ಗುಗಳನ್ನು ತುಂಬಿ ಮಟ್ಟ ಮಾಡುವ ಗುಣ ಇದೆ. ಆದರೆ ಉಕ್ಕನ್ನು ನೇರವಾಗಿ ಅದರಲ್ಲಿ ಅದ್ದಿದರೆ ತಾಮ್ರ ಹಿಡಿಯದೆ ಸುಮ್ನೆ ಅಂಟಿಕೊಂಡು ಆಮೇಲೆ ಉದುರುತ್ತದೆ. ಅದಕ್ಕೇ ಮೊದಲು ಸಯನೈಡ್ ತಾಮ್ರದ ತೆಳು ಪದರವನ್ನೋ, ತೆಳು ನಿಕ್ಕಲ್ಲನ್ನೋ ಕೊಟ್ಟು ಮುಂದುವರಿಯುತ್ತಾರೆ. ತಾಮ್ರ ಕೂರಿಸಿ, ಬಫ್ ಹೊಡೆದು, ಗುಳಿ ಕಂಡರೆ ಮತ್ತೆ ತಾಮ್ರ ಕೂರಿಸಿ ಮತ್ತೆ ಬಫ್ ಹೊಡೆಯುತ್ತಾರೆ. ಮೂರು ವಾರ ಯಾಕೆ ಅಂತ ಈಗ ಅರ್ಥವಾಗಿರಬೇಕು.

ನಿಕ್ಕಲ್ ಬಗ್ಗೆ ಇನ್ನೊಂದೇ ಮಾತು. ಒಳ್ಳೆಯ ಅಂಗಡಿಗಳಲ್ಲಿ ಎರಡು ಥರದ ನಿಕ್ಕಲ್ ಹಾಕುತ್ತಾರೆ: ಕೆಳಗೆ ಅರೆಹೊಳಪಿನದು, ಮೇಲೆ ಪೂರ್ಣ ಹೊಳಪಿನದು. ಮೇಲಿನದರಲ್ಲಿ ಸ್ವಲ್ಪ ಗಂಧಕ ಸೇರಿರುತ್ತದೆ, ಅದು ಕೆಳಗಿನದಕ್ಕಿಂತ ಬೇಗ ತುಕ್ಕಿಗೆ ಸಿಗುತ್ತದೆ. ಹಾಗಾಗಿ ತುಕ್ಕು ಕೆಳಕ್ಕೆ ಉಕ್ಕಿನ ಕಡೆ ಇಳಿಯದೆ, ಮೇಲಿನ ಪದರದಲ್ಲೇ ಅಡ್ಡಡ್ಡ ಹರಡುತ್ತದೆ. "ಡುಪ್ಲೆಕ್ಸ್ ನಿಕ್ಕಲ್ ಇದೆಯಾ?" ಅಂತ ಕೇಳಿ. ಇದೆ ಅಂದರೆ ಆ ಅಂಗಡಿಗೆ ಕಣ್ಣುಮುಚ್ಚಿ ಅಲ್ಲದಿದ್ದರೂ ಅರ್ಧ ನಂಬಿಕೆಯಿಂದ ಕೊಡಬಹುದು.

ಕೊಡುವ ಮುಂಚೆ ಬೋಲ್ಟ್, ಬ್ರಾಕೆಟ್, ರಬ್ಬರ್ ಎಲ್ಲಾ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಪ್ರತಿ ಪೀಸಿನ ಹಿಂಬದಿಗೆ ಪಂಚಿನಲ್ಲಿ ಗುರುತು ಹೊಡೆಯಿರಿ. ಪೇಂಟಿನ ಗುರುತು ಟ್ಯಾಂಕಿನಲ್ಲಿ ಹೋಗಿಬಿಡುತ್ತದೆ. ಎಲ್ಲದರ ಫೋಟೋ ತೆಗೆಯಿರಿ. ಬಾಗಿಲ ಹ್ಯಾಂಡಲ್, ಅಕ್ಷರಗಳು, ನಂಬರ್ ಪ್ಲೇಟ್ ದೀಪದ ಮನೆ ಇಂಥವನ್ನು "ಇದನ್ನೂ ಸೇರಿಸಿ ಮಾಡಿಕೊಡಿ" ಅಂತ ಬಂಪರ್ ಜೊತೆ ಕೊಡಬೇಡಿ. ಹಳೆ ಕಾರುಗಳಲ್ಲಿ ಇವು ಬಹಳ ಸಲ ಸತುವಿನ ಎರಕದ ಸಾಮಾನುಗಳು. ಉಕ್ಕನ್ನು ತೊಳೆಯುವ ಆಸಿಡ್‌ನಲ್ಲಿ ಸತು ಕರಗಿಹೋಗುತ್ತದೆ. ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಬೇರೆ ಚೀಲದಲ್ಲಿ ಹಾಕಿ, ಇದು ಸತು ಇರಬಹುದು ಅಂತ ಹೇಳಿಯೇ ಕೊಡಿ.

ವಾಪಸ್ ತರುವಾಗ ಹಗಲಲ್ಲಿ ಹೋಗಿ. ಅಂಗಡಿಯ ಟ್ಯೂಬ್‌ಲೈಟ್ ಬಂಪರ್‌ನಲ್ಲಿ ಹೇಗೆ ಕಾಣುತ್ತದೆ ನೋಡಿ. ಬಂಪರನ್ನು ಮೆಲ್ಲಗೆ ತಿರುಗಿಸಿದಾಗ ಆ ಗೆರೆ ಅಲೆಅಲೆಯಾದರೆ ಟಿಂಕರಿಂಗ್ ಸರಿ ಆಗಿಲ್ಲ. ಒಳತಿರುವಿನಲ್ಲಿ ತುಸು ಹಳದಿ ಕಂಡರೆ ಅಲ್ಲಿ ಕ್ರೋಮ್ ಕೂತಿಲ್ಲ, ನಿಕ್ಕಲ್ ಬರಿದಾಗಿದೆ. ಅಂಚಿನಲ್ಲಿ ಬೂದು ಬಣ್ಣದ ಒರಟು ಇದ್ದರೆ ಕರೆಂಟ್ ಜಾಸ್ತಿಯಾಗಿ ಸುಟ್ಟಿದೆ. ಪೇಂಟ್ ದಪ್ಪ ಅಳೆಯುವ ಮೀಟರ್ ತಗೊಂಡು ಹೋಗಬೇಡಿ. ನಿಕ್ಕಲ್‌ಗೂ ಅಯಸ್ಕಾಂತದ ಸೆಳೆತ ಇದೆ, ಆ ಮೀಟರ್ ತಪ್ಪು ತೋರಿಸುತ್ತದೆ.

ಸ್ನೇಹಿತರ ಸಲಹೆಗಳಿಗೆ ಬರುತ್ತೇನೆ. ಸ್ಪ್ರೇ ಕ್ರೋಮ್ ಅಂದರೆ ಕನ್ನಡಿಗೆ ಹಚ್ಚುವಂಥ ಬೆಳ್ಳಿಯ ತೆಳು ಪದರ, ಮೇಲೆ ಲ್ಯಾಕರ್. ಪ್ಲಾಸ್ಟಿಕ್ ಸಾಮಾನಿಗೆ, ಷೋಕೇಸಿಗೆ ಚೆನ್ನ. ಜಲ್ಲಿ ಸಿಡಿಯುವ ಜಾಗದ ಬಂಪರ್‌ಗೆ ಬೇಡ. ಸ್ಟೀಲ್ ಬಂಪರ್ ಕೆಟ್ಟ ಆಯ್ಕೆಯಲ್ಲ. ದಿನಾ ಓಡಿಸುವ ಕಾರಾಗಿದ್ದರೆ ನಾನೂ ಯೋಚಿಸುತ್ತಿದ್ದೆ. ಆದರೆ 304 ದರ್ಜೆಯದೇ ಬೇಕು. 202ರಲ್ಲಿ ನಿಕ್ಕಲ್ ಕಡಿಮೆ, ಕಂದು ಕಲೆ ಬೇಗ ಬರುತ್ತದೆ. ಅಂಗಡಿಯವರು ಅಯಸ್ಕಾಂತ ಹಿಡಿದು ಅಂಟಲ್ಲ ನೋಡಿ, 304 ಅಂತ ತೋರಿಸಿದರೆ ನಂಬಬೇಡಿ. 202 ಕೂಡ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ನಿಮ್ಮ ತಂದೆಯವರ ಕಾರಿಗೆ ಮಾತ್ರ ಅದರದೇ ಬಂಪರ್ ಉಳಿಸಿ ಅಂತ ನನ್ನ ಸಲಹೆ. ಹಳೆ ತಗಡು ದಪ್ಪ, ಬಾಗು ಸರಿಯಾಗಿದೆ. ಇವತ್ತು ಅಂಥದ್ದು ಹುಡುಕಿದರೂ ಸಿಗುವುದು ಕಷ್ಟ.

ಮನೆಯ ಕಿಟ್ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಕ್ರೋಮ್ ಟ್ಯಾಂಕಿಗೆ ಚದರ ಡೆಸಿಮೀಟರ್‌ಗೆ 10-20 ಆಂಪಿಯರ್ ಬೇಕು. ಒಂದು ಬಂಪರ್ ಅಂದರೆ ನೂರಾರು ಆಂಪಿಯರ್. ಮನೆಯ ಚಾರ್ಜರ್‌ನಲ್ಲಿ ಆಗುವ ಮಾತಲ್ಲ. ಅದಕ್ಕಿಂತ ದೊಡ್ಡ ವಿಷಯ ವಿಷದ್ದು. ಹಳೆ ಪದ್ಧತಿಯ ಕ್ರೋಮ್ ದ್ರಾವಣದಲ್ಲಿ ಲೀಟರ್‌ಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್ ಇರುತ್ತದೆ. ಅದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷದ ರೂಪ. ಆವಿಯನ್ನು ಉಸಿರಾಡಿದರೆ ಮೂಗು ಹುಣ್ಣಾಗುತ್ತದೆ, ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅನ್ನುವುದು ಸಾಬೀತಾದ ವಿಷಯ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರ್‌ಗೆ 0.05 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ನಿಯಮ. ಲೆಕ್ಕ ಹಾಕಿ: ಆ ದ್ರಾವಣದ ಒಂದೇ ಲೀಟರ್‌ನಲ್ಲಿರುವ ಕ್ರೋಮಿಯಂ 26 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸುತ್ತದೆ. ಶಿರಾ, ಪಾವಗಡದ ಕಡೆ ನಾವು ಬೋರ್‌ವೆಲ್ ನೀರನ್ನೇ ನಂಬಿದ್ದೇವೆ. ಪಾವಗಡದವರು ಫ್ಲೋರೈಡ್‌ನಿಂದಲೇ ಸಾಕಷ್ಟು ನೊಂದಿದ್ದಾರೆ. ಹಿತ್ತಲಲ್ಲಿ ಒಂದು ಬಕೆಟ್ ಸುರಿದರೆ ಅದು ನಿಮ್ಮದೇ ಬಾವಿಗೆ ಇಳಿಯುತ್ತದೆ.

ಇದೇ ಕಾರಣಕ್ಕೆ ಅಂಗಡಿ ಆರಿಸುವಾಗಲೂ ಒಂದು ಪ್ರಶ್ನೆ ಕೇಳಿ: ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಪ್ಲೇಟಿಂಗ್ ಮಾಡುವವರಿಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರಬೇಕು. ಸರಿಯಾಗಿ ನಡೆಸುವ ಕಡೆ ಆ ನೀರಿಗೆ ಮೆಟಾಬೈಸಲ್ಫೈಟ್ ಹಾಕಿ ವಿಷದ ರೂಪವನ್ನು ಇಳಿಸಿ, ಸುಣ್ಣ ಹಾಕಿ ಕೆಸರಾಗಿ ಕೂರಿಸಿ, ಆ ಕೆಸರನ್ನು ಬೇರೆಯಾಗಿ ಸಾಗಿಸುತ್ತಾರೆ. ಈ ಖರ್ಚೂ ಆ 24,000ದಲ್ಲಿ ಸೇರಿದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನೀರನ್ನು ಮೋರಿಗೆ ಬಿಡುವವರಿಗೆ ನಮ್ಮ ದುಡ್ಡು ಹೋಗಬಾರದು. ಕೆಲವು ಕಡೆ ಈಗ ಟ್ರೈವೇಲೆಂಟ್ ಕ್ರೋಮ್, ಅಂದರೆ ಕ್ರೋಮಿಯಂನ ಇನ್ನೊಂದು ರೂಪದ ದ್ರಾವಣ ಇದೆ, ಅದರ ಅಪಾಯ ಬಹಳ ಕಡಿಮೆ. ಛಾಯೆ ತುಸು ಗಾಢ. ಎಲ್ಲಾ ಸಾಮಾನು ಅದರಲ್ಲೇ ಮಾಡಿಸಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ನಾನಂತೂ ಅದನ್ನೇ ಆರಿಸುತ್ತೇನೆ.

ಬಂಪರ್ ಮನೆಗೆ ಬಂದ ಕೂಡಲೇ ಕಟ್ಟಬೇಡಿ. ಹಿಂಬದಿಗೆ ಪ್ಲೇಟಿಂಗ್ ಸರಿಯಾಗಿ ಕೂತಿರುವುದಿಲ್ಲ, ತುಕ್ಕು ಅಲ್ಲಿಂದಲೇ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ಮುಂಬದಿಗೆ ಟೇಪು ಕಾಗದ ಸುತ್ತಿ, ಹಿಂಬದಿಗೆ ಎಪಾಕ್ಸಿ ಪ್ರೈಮರ್, ಮೇಲೆ ಎರಡು ಕೋಟ್ ಪೇಂಟ್ ಹೊಡೆಯಿರಿ. ಬೋಲ್ಟುಗಳನ್ನು ಸ್ಟೇನ್‌ಲೆಸ್‌ನಲ್ಲಿ ಹೊಸದಾಗಿ ತನ್ನಿ. ತಿಂಗಳಿಗೊಮ್ಮೆ ವ್ಯಾಕ್ಸ್ ಸಾಕು. ನಮ್ಮ ಬೋರ್‌ವೆಲ್ ನೀರು ಗಡಸು, ತೊಳೆದ ಮೇಲೆ ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ. ಬಟ್ಟೆಯಲ್ಲಿ ಒರೆಸಿಬಿಡಿ. ಹುಣಸೆಹಣ್ಣು ಉಪ್ಪು ಹಿತ್ತಾಳೆ ದೀಪಕ್ಕೆ ಸರಿ, ಬಂಪರ್‌ಗೆ ಬೇಡ. ಬಾತ್‌ರೂಮ್ ತೊಳೆಯುವ ಆಸಿಡ್ ಅಂತೂ ಕ್ರೋಮನ್ನೇ ಕರಗಿಸುತ್ತದೆ. ಆಯುಧ ಪೂಜೆಯ ಕುಂಕುಮ, ಕುಂಬಳಕಾಯಿ ನೀರು, ನಿಂಬೆರಸ ಮಾರನೇ ದಿನಕ್ಕೆ ಉಳಿಯದಂತೆ ತೊಳೆಯಿರಿ.

ಇನ್ನು ಮದುವೆ. ಎರಡು ತಿಂಗಳು ಸಾಕು, ಆದರೆ ಈ ವಾರವೇ ಹೊರಡಬೇಕು. ಪೀಣ್ಯ ನಿಮಗೆ ಬೆಂಗಳೂರಿನ ಈಚೆಗೇ ಸಿಗುತ್ತದೆ, ತುಮಕೂರು ರಸ್ತೆಯಲ್ಲೇ. ಮೊದಲು ಪದರ ತೆಗೆಸಿ ವಾಪಸ್ ತನ್ನಿ. ಬರಿಯ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, ತೆಳುವಾಗಿ ಎಣ್ಣೆ ಸವರಿ ತನ್ನಿ. ತುಮಕೂರಿನಲ್ಲೋ ಶಿರಾದಲ್ಲೋ ನೀವು ನಂಬುವ ಟಿಂಕರ್ ಹತ್ತಿರ ಸರಿ ಮಾಡಿಸಿ, ಕಾರಿಗೆ ಕಟ್ಟಿ ನೋಡಿ, ಆಮೇಲೆ ಪ್ಲೇಟಿಂಗ್‌ಗೆ ಕೊಡಿ. ಮದುವೆಗೆ ಹತ್ತು ದಿನ ಮುಂಚೆ ಬಂಪರ್ ಕೈಗೆ ಬೇಕು ಅಂತ ಮೊದಲೇ ಹೇಳಿ. ಈ ವಾರ ಹೊರಡಲು ಆಗದಿದ್ದರೆ ಅವಸರದಲ್ಲಿ 5,000ದ ಕೆಲಸ ಮಾಡಿಸಬೇಡಿ. ಎರಡೂ ಬಂಪರನ್ನು ಫಾಯಿಲ್‌ನಲ್ಲಿ ಉಜ್ಜಿ, ವ್ಯಾಕ್ಸ್ ಹಾಕಿ. ಹಿಂದಿನದರ ಪೊರೆ ಎದ್ದ ಜಾಗದ ಮೇಲೆ ಮದುವೆಯ ಹೂವಿನ ಹಾರ ಬರುವ ಹಾಗೆ ಕಟ್ಟಿಸಿ. ತಂಗಿಯನ್ನು ಛತ್ರಕ್ಕೆ ಕರೆದುಕೊಂಡು ಹೋಗಿ ಬನ್ನಿ. ಪ್ಲೇಟಿಂಗ್ ಆಮೇಲೆ ನಿಧಾನವಾಗಿ ಮಾಡಿಸಿ.